ದೊರೆಯ ಕೈಬರಹ

ಯೋಗರಾಣಿ ತೋಟದ ಮ್ಯಾನೇಜರನ ಹೆಸರನ್ನು ವರದಿಯಲ್ಲಿ ಮೂರು ಸಲ ಬರೆದಳು. ಮೂರು ಸಲವೂ ಫ್ರಾನ್ಸಿಸ್ ಅಣ್ಣ ಹೊಡೆದುಹಾಕಿದ.

"ಇದು ಪೊಲೀಸ್ ದೂರಲ್ಲಮ್ಮ. ಜಿನೀವಾದ ಸಮಿತಿ ಸರ್ಕಾರಾನ ಕೇಳುತ್ತೆ, ತೋಟದ ದೊರೆಯನ್ನಲ್ಲ."

"ನನ್ನ ಗಂಡನ್ನ ಸಾಯಿಸಿದ್ದು ಸರ್ಕಾರವಾ?"

"ಸಮರದಿವಾಕರನ ಹೆಸರು ಹಾಕಿದ್ರೆ ಏನೋ ಸ್ವಂತ ಜಗಳ ಅಂತ ಇಡೀ ಪುಟ ಪಕ್ಕಕ್ಕಿಡ್ತಾರೆ. ತಾರೀಕು ಹಾಕು, ಗಂಟೆ ಹಾಕು, ಫೋಟೋ ಹಾಕು. ಅಷ್ಟು ಸಾಕು."

ಅವಳಿಗೆ ಅಷ್ಟು ಸಾಕಾಗಿರಲಿಲ್ಲ. ಆದರೂ ಹೆಸರು ತೆಗೆದಳು.

ಜನರ ಆರೋಗ್ಯ, ಮನೆ, ಕೂಲಿ ಕಾಪಾಡುತ್ತೇವೆಂದು ಕೊಲಂಬೊದ ಸರ್ಕಾರ ಎಂದೋ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿತ್ತು. ಕೆಲವು ವರ್ಷಕ್ಕೊಮ್ಮೆ ಸಮಿತಿಯ ಮುಂದೆ ಅದರ ವರದಿ ಒಪ್ಪಿಸಬೇಕು. ಅದರಲ್ಲಿ ಸರ್ಕಾರ ಹೇಳದೆ ಬಿಟ್ಟದ್ದನ್ನು ಬರೆದು ಕಳಿಸುವುದು ಬೆಟ್ಟದೂರು ಹ್ಯಾಟನ್ನಿನಲ್ಲಿ ಫ್ರಾನ್ಸಿಸ್ ಅಣ್ಣನ ಸಂಘಟನೆಯ ಈ ಎರಡು ಕೋಣೆಯ ಕಚೇರಿಯ ಕೆಲಸ. ಈ ಸಲದ ಸರ್ಕಾರಿ ವರದಿಯಲ್ಲಿ ಒಂದು ಸಾಲಿತ್ತು: ಎಲ್ಲ ಚಹಾ ತೋಟಗಳಲ್ಲೂ ಆಂಬುಲೆನ್ಸ್ ಸದಾ ಸಿದ್ಧವಿದೆ.

ಯೋಗರಾಣಿ ಇದ್ದ ಕೆಲ್ಬ್ರೇ ತೋಟದ ಆಂಬುಲೆನ್ಸ್ ಎರಡು ವರ್ಷದಿಂದ ಫ್ಯಾಕ್ಟರಿಯ ಹಿಂದೆ ಇಟ್ಟಿಗೆಗಳ ಮೇಲೆ ನಿಂತಿತ್ತು. ಸೀಮೆಬದನೆ ಬಳ್ಳಿ ಅದರ ನೆತ್ತಿಯವರೆಗೂ ಹಬ್ಬಿತ್ತು.

ಯೋಗರಾಣಿಯ ಗಂಡ ಅರುಳ್‌ನೇಸನ್ ಆರನೇ ನಂಬರಿನ ಮಲೆಯಲ್ಲಿ ಚಹಾ ಗಿಡದ ರೆಂಬೆ ಕಡಿದು ಕವಾತು ಮಾಡುತ್ತಿದ್ದಾಗ ಕಣಜದ ಹುಳುಗಳ ಗೂಡಿಗೆ ಕತ್ತಿ ತಾಗಿತು. ಹುಳುಗಳು ಮೈಯೆಲ್ಲ ಕಡಿದವು. ಅವನನ್ನು ಎಲೆ ಲಾರಿಯ ಚೀಲಗಳ ಮೇಲೆ ಮಲಗಿಸಿದರು. ಚೀಲದೊಳಗೆ ಎಲೆ ಬೆಂದುಹೋಗುತ್ತದೆ, ಲಾರಿ ಮೊದಲು ಫ್ಯಾಕ್ಟರಿಗೆ ಬರಲಿ ಎಂದು ದೊರೆ ಫೋನಿನಲ್ಲಿ ಹೇಳಿದ. ಚೀಲ ಇಳಿಸಿ ತೂಕ ಹಾಕಿ ಮುಗಿಸಲು ನಲವತ್ತು ನಿಮಿಷ ಹಿಡಿಯಿತು. ಆಸ್ಪತ್ರೆಯ ಗೇಟು ತಲುಪುವಾಗ ಊದಿಹೋದ ಅವನ ಮುಖ ಯಾರ ಮುಖವೂ ಆಗಿರಲಿಲ್ಲ.

ಯೋಗರಾಣಿ ಇದನ್ನೆಲ್ಲ ಹನ್ನೊಂದು ಸಾಲಿನಲ್ಲಿ ಬರೆದಳು. ಬಳ್ಳಿ ಹಬ್ಬಿದ ಆಂಬುಲೆನ್ಸಿನ ಫೋಟೋ ಇಟ್ಟಳು. ಸಮಿತಿ ಆ ವರದಿಯನ್ನು ಎಲ್ಲರೂ ಓದುವಂತೆ ತನ್ನ ಜಾಲತಾಣದಲ್ಲಿ ಹಾಕಿತು. ಸಮರದಿವಾಕರ ಅದನ್ನು ತೆರೆದೂ ನೋಡಲಿಲ್ಲ.

ಫ್ರಾನ್ಸಿಸ್ ಜಿನೀವಾಕ್ಕೆ ಹೋದ. ಸಂಘಟನೆಗಳಿಗೆ ಮೊದಲ ದಿನ ಕೆಲವೇ ನಿಮಿಷ ಮಾತು. ಆಮೇಲೆ ಸರ್ಕಾರದವರ ಸರದಿ ಬಂದಾಗ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರಬೇಕು. ಮಂಗಳವಾರ ಅವನ ಫೋನು ಬಂತು.

"ಸಮಿತಿಯ ಒಬ್ಬಾಕೆ ನಿನ್ನ ಸಾಲನ್ನೇ ಎತ್ತಿ ಕೇಳಿದ್ಲು. ಕಣಜ ಕಡಿದವನನ್ನ ಆಸ್ಪತ್ರೆಗಿಂತ ಮೊದಲು ಫ್ಯಾಕ್ಟರಿಗೆ ಯಾಕೆ ಒಯ್ದ್ರಿ ಅಂತ. ನಮ್ಮ ಸರ್ಕಾರದ ಕಾರ್ಯದರ್ಶಿ ಕಾಗದ ತಿರುವಿದ, ತಿರುವಿದ, ಆಮೇಲೆ ನಲವತ್ತೆಂಟು ಗಂಟೆಯೊಳಗೆ ಬರವಣಿಗೆಯಲ್ಲಿ ಉತ್ತರ ಕೊಡ್ತೀವಿ ಅಂದ."

ಪ್ರಶ್ನೆ ಇಲಾಖೆಯಿಂದ ಕಂಪನಿಗೆ, ಕಂಪನಿಯಿಂದ ತೋಟಕ್ಕೆ ಇಳಿಯಿತು. ಗುರುವಾರ ಮಧ್ಯಾಹ್ನ ಸಮರದಿವಾಕರ ದೊರೆ ಕೂಲಿಗಳ ಸಾಲಿನಲ್ಲಿದ್ದ ಯೋಗರಾಣಿಯ ಲೈನುಮನೆಯ ಮೆಟ್ಟಿಲ ಬಳಿ ನಿಂತಿದ್ದ. ಜೊತೆಗೆ ತೋಟದಲ್ಲಿ ಮದ್ದು ಕೊಡುವ ಡಿಸ್ಪೆನ್ಸರಿ ಅಯ್ಯ.

"ಮಿಸ್ ಯೋಗರಾಣಿ, ಒಂದು ನಿಮಿಷ ಒಳಗೆ ಬರಬಹುದಾ?"

"ಅಯ್ಯೋ, ಈಗ ಮರ್ಯಾದೆಯಿಂದ ಮಿಸ್ಸಂತೆ!" ಅತ್ತೆ ಪೂವಾಯಿ ಒಳಗಿಂದಲೇ ಅಂದಳು. "ಹೋದ ವರ್ಷ ಇವಳು ಬಂಗಲೆ ಗೇಟಲ್ಲಿ ನಿಂತಾಗ 'ಏಯ್, ಹೋಗೇ' ಅಂದಿದ್ದು ಯಾರಿಗೋ!"

ಯೋಗರಾಣಿ ಜಗುಲಿಯ ಬೆಂಚು ತೋರಿಸಿದಳು. ಅವನು ಕೂತ.

ಅವನಿಗೆ ಬೇಕಿದ್ದುದು ಒಂದು ಕಾಗದ. ಆಂಬುಲೆನ್ಸ್ ಬಂದಿತ್ತು, ಮನೆಯವರೇ ಅವಸರಪಟ್ಟು ಲಾರಿ ಹತ್ತಿಸಿದರು ಎಂದು ಹೆಂಡತಿಯ ಸಹಿ.

"ಹೋದವನು ಬರಲ್ಲ ಮಿಸ್. ಇರೋರನ್ನ ನೋಡಿ. ಏಳು ಪರ್ಚ್ ಅಳತೆಯ ಜಾಗ, ಹೊಸ ಮನೆ, ನಿಮ್ಮತ್ತೆ ಹೆಸರಿಗೇ. ನಾಳೆನೇ ಕಾಗದ ಮಾಡಿಸ್ತೀನಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ಸೂರಿನ ತಗಡು ತೂತಾಗಿ ಪೂವಾಯಿ ಮಂಚವನ್ನು ನಾಲ್ಕು ಸಲ ಸರಿಸಿದ್ದಳು. ಅವಳು ಬಾಗಿಲಿಗೆ ಬಂದು ಸೊಸೆಯ ಮುಖ ನೋಡಿದಳು.

"ನನ್ನ ಕೇಳ್ಬೇಡ ಮಗಳೇ. ನನ್ನ ಮಗನನ್ನ ಮಾರಿ ಕಟ್ಟಿದ ಮನೇಲಿ ನನಗೆ ನಿದ್ದೆ ಬರುತ್ತಾ?"

ಯೋಗರಾಣಿಗೆ ಕೋಪ ಬರಲಿಲ್ಲ. ಬಹಳ ದಿನದಿಂದ ಏನೂ ಬರುತ್ತಿರಲಿಲ್ಲ. ತಲೆ ಮಾತ್ರ ತಣ್ಣಗೆ ಕೆಲಸ ಮಾಡುತ್ತಿತ್ತು.

"ನನ್ನ ಮಾತು ಯಾರು ನಂಬ್ತಾರೆ ದೊರೆ? ಮೊದಲು ನೀವು ಬರೀರಿ. ಆಂಬುಲೆನ್ಸ್ ಎಷ್ಟು ಗಂಟೆಗೆ ಹೊರಟಿತು, ಯಾರು ಓಡಿಸಿದ್ರು, ಎಲ್ಲ. ಕೆಳಗೆ ನಿಮ್ಮ ಹೆಸರು, ಸಹಿ, ತೋಟದ ಸೀಲು. ಆಮೇಲೆ ನನ್ನದು."

"ದೊರೆ, ಸ್ವಲ್ಪ ಯೋಚನೆ..." ಎಂದ ಡಿಸ್ಪೆನ್ಸರಿ ಅಯ್ಯ.

"ಸುಮ್ಮನಿರಯ್ಯ, ಸಂಜೆಗೆ ಗಡುವು!"

ದೊರೆ ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಬರೆದ. ಆಂಬುಲೆನ್ಸ್ ಹತ್ತೂಕಾಲಿಗೆ ಮಲೆ ತಲುಪಿತು ಎಂದು. ವಾಹನ ಸುಸ್ಥಿತಿಯಲ್ಲಿತ್ತು, ಇಂದಿಗೂ ಇದೆ ಎಂದು. ಬೆವರು ಕಾಗದಕ್ಕೆ ತೊಟ್ಟಿಕ್ಕಿತು.

"ದೊರೆಗೆ ಬೆವರು ಇಳೀತಿದೆ," ಎಂದಳು ಪೂವಾಯಿ. "ಅಯ್ಯಾ, ಒಂದು ಪನಡಾಲ್ ಮಾತ್ರೆ ಕೊಡಿ. ನಿಮ್ಮ ಡಿಸ್ಪೆನ್ಸರೀಲಿರೋದೂ ಅದೊಂದೇ ಅಲ್ವಾ!"

ಸೀಲು ಬಿತ್ತು. ಯೋಗರಾಣಿ ಕಾಗದ ತೆಗೆದುಕೊಂಡು ಒಳಗೆ ಹೋದಳು. ಕಿಟಕಿಯ ಬೆಳಕಿಗೆ ಹಿಡಿದು ಎರಡು ಫೋಟೋ ತೆಗೆದು ಜಿನೀವಾದಲ್ಲಿದ್ದ ಫ್ರಾನ್ಸಿಸ್‌ಗೆ ಕಳಿಸಿದಳು. ತಲುಪಿದ ಗುರುತು ಕಾಣುವವರೆಗೆ ಅಲ್ಲೇ ನಿಂತಿದ್ದಳು. ಹೊರಗೆ ಬಂದು ಕಾಗದ ಅವನ ಕೈಗಿಟ್ಟಳು.

"ನಿಮ್ಮ ಸಹಿ?"

"ನಿಮ್ಮದೇ ಸಾಕು. ಇಟ್ಟಿಗೆ ಮೇಲೆ ನಿಂತು ಬಳ್ಳಿ ಹಬ್ಬಿದ ಆ ಆಂಬುಲೆನ್ಸಿನ ಫೋಟೋ ಸಮಿತಿಯ ಕೈ ಸೇರಿ ಎರಡು ತಿಂಗಳಾಯ್ತು, ದೊರೆ. ಈಗ ನಿಮ್ಮ ಹೆಸರು, ಸಹಿ ಇರೋ ಈ ಕಾಗದವೂ ಜಿನೀವಾಕ್ಕೆ ಹೋಯ್ತು."

ಡಿಸ್ಪೆನ್ಸರಿ ಅಯ್ಯ ಮೆಲ್ಲಗೆ ಎರಡು ಮೆಟ್ಟಿಲು ಇಳಿದು ದೂರ ನಿಂತ. ದೊರೆ ಕಾಗದವನ್ನು ಹರಿದ, ಚೂರನ್ನು ಮತ್ತೆ ಹರಿದ.

"ನನಗೂ ಹೆಂಡತಿ ಮಕ್ಕಳಿದ್ದಾರೆ ಮಿಸ್. ಅದನ್ನ ವಾಪಸ್ ತರಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳಿ," ಎಂದಳು ಯೋಗರಾಣಿ.

ಅಕ್ಕಪಕ್ಕದ ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತಿದ್ದರು. ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ತಗೊಳ್ಳಿ ದೊರೆ," ಎಂದಳು ಅವಳು. "ಉತ್ತರ ಕೇಳೋಕೆ ಕೊಲಂಬೊದ ಕಂಪನಿಯವರಿರಬೇಕು. ನಮ್ಮೆದುರೇ ಮಾತಾಡಿ."