ಸೊಳ್ಳೆಯಮ್ಮನ ಚಳಿಗಾಲದ ಟೈರು

ಊರಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸೊಳ್ಳೆಯಮ್ಮ ಎಂದು. ಹಾಸಿಗೆ ಬಿಟ್ಟು ಏಳಲಾರದವರ ಮನೆಗಳಿಗೆ ಬೆಳಗಾಗುತ್ತಲೇ ಸೈಕಲ್ಲಿನಲ್ಲಿ ಹೋಗಿ, ರಕ್ತ ತೆಗೆದು ಲ್ಯಾಬಿಗೆ ತಂದುಕೊಡುವುದು ಅವಳ ಕೆಲಸ. ಸೊಳ್ಳೆ ಕಚ್ಚಿದರಾದರೂ ಗೊತ್ತಾಗುತ್ತದೆ, ಇವಳ ಸೂಜಿ ಗೊತ್ತೇ ಆಗುವುದಿಲ್ಲ ಎಂದು ಮುದುಕರು ಹೊಗಳುತ್ತಿದ್ದರು. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರವಾದದ್ದು ಲ್ಯಾಬಿನ ಮೇಲ್ವಿಚಾರಕಿ ನಗುನಗುತ್ತಾ, "ಈ ಚಳಿಗಾಲ ನೀವು ಕೌಂಟರ್‌ನಲ್ಲೇ ಕೂತ್ಕೊಳ್ಳಿ. ನಿಮ್ಮ ಯಜಮಾನ್ರು ಫೋನ್ ಮಾಡಿ ಹೇಳಿದ್ರು" ಎಂದಾಗ.

ಬೇಸರ ಅಂದರೆ ಕಡಿಮೆ ಹೇಳಿದಂತಾಯಿತು. ಮೈಯೆಲ್ಲ ಉರಿದುಹೋಯಿತು.

"ಸೈಕಲ್ ತುಳಿಯೋಳು ನಾನು. ನನ್ನನ್ನ ಕೇಳ್ಬೇಕಿತ್ತಲ್ವಾ ಮೇಡಂ?"

"ಹೋದ ಚಳಿಗಾಲ ಬಿದ್ದು ಮಣಿಕಟ್ಟು ಮುರ್ಕೊಂಡ್ರಲ್ಲಾ, ಪಾಪ, ಅವರಿಗೂ ಭಯ ಇರುತ್ತೆ."

"ಭಯ ಅವರಿಗಿದ್ರೆ ಅವರು ಕೂತ್ಕೊಳ್ಳಲಿ. ಸೋಮವಾರ ನಾನೇ ಹೇಳ್ತೀನಿ. ಅಲ್ಲೀವರೆಗೆ ಕೌಂಟರ್‌ಗೆ ನನ್ನ ಹೆಸರು ಹಾಕ್ಬೇಡಿ."

ಬಿದ್ದದ್ದು ನಿಜ. ಅದು ಹಿಮ ಸುರಿಯುವ ಊರಲ್ಲ; ಕೊರೆಯುವ ಚಳಿ, ಜಿಟಿಜಿಟಿ ಮಳೆ, ರಸ್ತೆಗೆ ಅಂಟಿಕೊಂಡ ಒದ್ದೆ ಎಲೆ, ಇಷ್ಟೇ. ನದಿಯ ಸೇತುವೆ ಮೇಲೆ ಕಬ್ಬಿಣದ ಪಟ್ಟಿಯೊಂದು ಅಡ್ಡ ಹಾದುಹೋಗಿದೆ. ಅದರ ಮೇಲೆ ಹಿಂದಿನ ಚಕ್ರ ಸರ್ರನೆ ಜಾರಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅವಳು ನೆಲದ ಮೇಲಿದ್ದಳು. ಜೀವಮಾನವಿಡೀ ಲಾರಿ ಓಡಿಸಿ ಈಗ ಮನೆಯಲ್ಲಿರುವ ಗಂಡ, ಅವಳು ಪಟ್ಟಿಯನ್ನು ಬೈದಾಗೆಲ್ಲ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎನ್ನುತ್ತಿದ್ದ. ಹೇಳಿಸಿಕೊಂಡು ಹೇಳಿಸಿಕೊಂಡು ಅವಳಿಗೂ ತನ್ನ ವಯಸ್ಸಿನ ಮೇಲೇ ಅನುಮಾನ ಶುರುವಾಗಿತ್ತು. ನಾಚಿಕೆಗೇಡು, ಆದರೂ ನಿಜ.

ಕೆಲಸ ಮುಗಿದದ್ದೇ ತನ್ನ ಸಪೂರ ಟೈರಿನ ರೋಡ್ ಸೈಕಲ್ಲನ್ನು ತಳ್ಳಿಕೊಂಡು ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವನು ಗಿರಾಕಿಯ ಮುಖ ನೋಡಿ ಸರಕು ತೋರಿಸುವ ಜಾತಿ. ನರೆತ ಕೂದಲು ಕಂಡವನೇ, ಚಕ್ರ ಸಿಕ್ಕಿಸಿ ಮನೆಯೊಳಗೇ ತುಳಿಯುವ ಸ್ಟ್ಯಾಂಡ್ ತೋರಿಸಿದ.

"ಚಳಿಗಾಲಕ್ಕೆ ಇದೇ ಬೆಸ್ಟ್ ಅಕ್ಕ. ಬೀಳೋ ಮಾತೇ ಇಲ್ಲ."

"ರಕ್ತ ಕೊಡೋರು ನನ್ನ ಸ್ಟ್ಯಾಂಡ್ ಹತ್ರ ಕ್ಯೂ ನಿಲ್ತಾರಾ? ಟೈರ್ ತೋರಿಸಪ್ಪ. ಟ್ಯೂಬ್‌ಲೆಸ್."

ಟ್ಯೂಬಿನ ಸಹವಾಸ ಅವಳಿಗೆ ಸಾಕಾಗಿತ್ತು. ಗಾಜಿನ ಚೂರು ಚುಚ್ಚಿದಾಗ, ಮರಗಟ್ಟಿದ ಬೆರಳುಗಳಲ್ಲಿ ಬೀದಿಬದಿ ಟ್ಯೂಬ್ ಬದಲಿಸಿದವರಿಗೇ ಗೊತ್ತು ಆ ಕಷ್ಟ. ಟ್ಯೂಬ್‌ಲೆಸ್‌ನಲ್ಲಾದರೆ ಒಳಗಿರುವ ಹಾಲಿನಂಥ ದ್ರವವೇ ಸಣ್ಣ ತೂತನ್ನು ಮುಚ್ಚುತ್ತದೆ.

ಅವನು ಮೊದಲು ಗುಬುಟು ಗುಬುಟಾಗಿ ಹಲ್ಲಿರುವ ಟೈರು ತಂದ. ನೋಡಿದರೆ ಗೂಳಿಯೂ ಹೆದರಬೇಕು, ಹಾಗಿತ್ತು.

"ಇದು ಒದ್ದೆ ಕಬ್ಬಿಣದ ಮೇಲೆ ನಿಲ್ಲುತ್ತಾ?"

ಅವನು ತಲೆ ಕೆರೆದುಕೊಂಡ. "ಸುಳ್ಳು ಹೇಳಲ್ಲ. ಇದು ಕೆಸರಿಗೆ. ಟಾರ್ ರಸ್ತೆಗೆ ಹಲ್ಲಿಗಿಂತ ರಬ್ಬರ್ ಮುಖ್ಯ."

ಹಾಗಾದರೆ ಇರುವುದನ್ನೆಲ್ಲ ತಾ ಎಂದಳು. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿದಳು, ರೋಗಿಯ ಮೊಣಕೈಯಲ್ಲಿ ನರ ಹುಡುಕುವಂತೆ. ಹಗುರವಾದದ್ದೊಂದು ಕೈಗೆ ಪ್ಲಾಸ್ಟಿಕ್ಕಿನಂತಾಯಿತು, ಬೇಡ ಎಂದಳು. ದಪ್ಪದ್ದೊಂದು ಮಡ್‌ಗಾರ್ಡ್‌ಗೆ ಉಜ್ಜಿತು, ಅದೂ ಬೇಡ. ಕೊನೆಗೆ ಹಳೆಯದಕ್ಕಿಂತ ತುಸು ಅಗಲವಿದ್ದು, ಚಳಿಯಲ್ಲೂ ಬಿರುಸಾಗದ ಮೆತ್ತನೆ ರಬ್ಬರಿನ, ಗಾಜು ಚುಚ್ಚದಂತೆ ನಡುವೆ ಗಟ್ಟಿ ಪದರವಿದ್ದ ಜೋಡಿಯೊಂದು ಅವಳ ಹೆಬ್ಬೆರಳಿಗೆ ಒಪ್ಪಿತು. ಅಂಗಡಿಯವನು ಅಷ್ಟು ಹೊತ್ತಿಗೆ ಸುಸ್ತಾಗಿದ್ದ.

ಹಳೆ ಟೈರು ಬಿಚ್ಚಲು ಅವನು ವಾಲ್ವ್ ಒತ್ತಿದ. ಗಾಳಿ ಬುಸುಗುಟ್ಟಿತು. ಬುಸುಗುಟ್ಟುತ್ತಲೇ ಇತ್ತು.

"ಯಾರಕ್ಕ ಇಷ್ಟು ಗಾಳಿ ತುಂಬಿದ್ದು? ಒದ್ದೆ ರಸ್ತೇಲಿ ಇಷ್ಟು ಬಿಗಿ ಇದ್ರೆ ಟೈರ್ ನೆಲ ಹಿಡಿಯಲ್ಲ, ಕಲ್ಲಿನ ಹಾಗೆ ಜಾರುತ್ತೆ. ಟ್ಯೂಬ್‌ಲೆಸ್‌ಗಂತೂ ಇನ್ನೂ ಕಮ್ಮಿ ಸಾಕು."

 ವಾರಕ್ಕೊಮ್ಮೆ ಅಂಗಳದಲ್ಲಿ ಪಂಪು ಹಿಡಿದು, ಬೆವರು ಒರೆಸಿಕೊಳ್ಳುತ್ತಾ, ಲಾರಿ ಚಕ್ರಕ್ಕೆ ತುಂಬಿದ ಹಾಗೆ ಗಾಳಿ ತುಂಬುತ್ತಿದ್ದ ಗಂಡ ಅವಳ ಕಣ್ಣ ಮುಂದೆ ಬಂದ. "ಬೆರಳಲ್ಲಿ ಒತ್ತಿದ್ರೆ ಬೆರಳೇ ನೋಯ್ಬೇಕು, ಅದು ಗಾಳಿ ಅಂದ್ರೆ" ಎಂದು ಜಂಭ ಕೊಚ್ಚುತ್ತಿದ್ದದ್ದು ಬೇರೆ. ಅಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಬೀಳಿಸಿರಲಾರರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುವಂತೆ, ತಪ್ಪು ಗಾಳಿಯದು, ಬರೆ ಮಾತ್ರ ಅವಳ ವಯಸ್ಸಿಗೆ. ಅವಳಿಗೆ ನಗು ಬಂತು, ಅದರ ಹಿಂದೆಯೇ ಕೋಪವೂ ಬಂತು. ಮನೆ ಸೇರುವಷ್ಟರಲ್ಲಿ ಕೋಪವೊಂದೇ ಉಳಿದಿತ್ತು.

ಆದರೂ ಆ ದಿನ ತುಟಿ ಪಿಟಕ್ಕೆನ್ನಲಿಲ್ಲ. ಸೋಮವಾರ ಮುಂಜಾನೆ ರಕ್ತದ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದಾಗ ಗಂಡ ಮಫ್ಲರ್ ಸುತ್ತಿಕೊಂಡು ಹೊರಗೆ ಬಂದ. ಹೊಸ ಟೈರನ್ನು ಒತ್ತಿ ನೋಡಿ ಮುಖ ಗಂಟಿಕ್ಕಿದ.

"ಹೋಗಲೇಬೇಕು ಅಂತ ಹಟನಾ? ಇದ್ರಲ್ಲಿ ಗಾಳಿನೇ ಇಲ್ಲ ಕಣೇ. ಇರು, ಪಂಪ್ ತರ್ತೀನಿ."

ತಂದ. ವಾಲ್ವಿಗೆ ಕೈ ಹಾಕುವಷ್ಟರಲ್ಲಿ ಅವಳು ಅವನ ಮಣಿಕಟ್ಟು ಹಿಡಿದಳು.

"ರೀ, ಹೋದ ವರ್ಷ ನಾನು ಬಿದ್ದದ್ದು ಈ ಪಂಪಿಂದ. ಕಲ್ಲಿನ ಹಾಗೆ ತುಂಬಿದ್ರಿ, ಕಲ್ಲಿನ ಹಾಗೆ ಜಾರಿತು."

ಅವನ ಮುಖ ಸಣ್ಣದಾಯಿತು. "ನಾನು ಒಳ್ಳೇದಕ್ಕೇ ಮಾಡಿದ್ದು."

"ಗೊತ್ತು. ಲ್ಯಾಬಿಗೆ ಫೋನ್ ಮಾಡಿದ್ದೂ ಒಳ್ಳೇದಕ್ಕೇ. ನಿಮ್ಮ ಒಳ್ಳೇದು ಸಾಕ್ರೀ ನನಗೆ. ಹೋದ ವರ್ಷ ನಿಮ್ಮ ಗಾಳೀಲಿ ಬಿದ್ದೆ. ಈ ವರ್ಷ ಬೀಳೋದಿದ್ರೆ ನನ್ನ ಗಾಳೀಲೇ ಬೀಳ್ತೀನಿ."

ಅವನು ಪಂಪು ಕೆಳಗಿಟ್ಟ. ಇನ್ನೇನೋ ಹೇಳಲಿದ್ದ. ಕೇಳಲು ಅವಳು ನಿಲ್ಲಲಿಲ್ಲ. ಬೀದಿ ತಿರುವಿನಲ್ಲೇ ಮೇಲ್ವಿಚಾರಕಿಗೆ ಫೋನ್ ಮಾಡಿ, ರೌಂಡಿಗೆ ಹೊರಟಿದ್ದೇನೆ ಎಂದಷ್ಟೇ ಹೇಳಿ ಇಟ್ಟಳು.

ಸೇತುವೆ ತಪ್ಪಿಸಿ ಹೋಗುವ ಸುತ್ತು ದಾರಿಯೂ ಇತ್ತು. ಅವಳು ಸೇತುವೆಗೇ ಹೋದಳು. ಕಬ್ಬಿಣದ ಪಟ್ಟಿ ಮಳೆಯಲ್ಲಿ ಮಿರಮಿರನೆ ಹೊಳೆಯುತ್ತಿತ್ತು.  ಬ್ರೇಕ್ ಮುಟ್ಟದೆ ನೇರ ಬಿಟ್ಟಳು. ಹಿಂದಿನ ಚಕ್ರ ಒಮ್ಮೆ ಅಲುಗಿ, ನೆಲ ಕಚ್ಚಿ ಹಿಡಿದು ದಾಟಿತು.

ಮೊದಲ ಮನೆಯ ಅಜ್ಜಿ ಹಾಸಿಗೆಯಲ್ಲೇ ಒರಗಿ ಕೂತಿದ್ದಳು. ಇವಳನ್ನು ಕಂಡು ಹುಬ್ಬೇರಿಸಿದಳು. "ಚಳಿಗಾಲ ಮುಗಿಯೋವರೆಗೂ ನೀನು ಬರಲ್ಲ ಅಂದ್ರಲ್ಲೇ?"

"ಅಂದಿರ್ತಾರೆ. ನಾನು ಅಂದಿಲ್ಲ" ಎಂದು ಸೊಳ್ಳೆಯಮ್ಮ ಒದ್ದೆ ಕೈಗವಸು ಕಳಚಿದಳು. "ಎಲ್ಲಿ, ಮುಷ್ಟಿ ಬಿಗಿ ಮಾಡಿ ಅಜ್ಜಿ."