ಫಕೀರವ್ವನ ಬಾಡಿಗೆಮನೆಯ ಹೆಣ

ಇದು ನಡೆದ ಕಥೆ. ಇದರಲ್ಲಿ ಸತ್ತವನೊಬ್ಬ, ಅವನಿಗಾಗಿ ಅತ್ತವಳೊಬ್ಬಳು. ಸತ್ತವನು ಇವತ್ತಿಗೂ ಹುಬ್ಬಳ್ಳಿಯ ಹತ್ತಿ ಮಾರ್ಕೆಟ್ಟಿನಲ್ಲಿ ಪಾನ ಜಗಿಯುತ್ತ ಓಡಾಡಿಕೊಂಡಿದ್ದಾನೆ. ನಂಬಿಕೆ ಬಾರದವರು ಹೋಗಿ ಅವನನ್ನೇ ಕೇಳಬಹುದು. ತನ್ನ ಸಾವಿನ ಸುದ್ದಿಯನ್ನು ಅವನಷ್ಟು ರಸವತ್ತಾಗಿ ಹೇಳುವವರು ಮತ್ತೊಬ್ಬರಿಲ್ಲ.

ಅತ್ತವಳು ನವಲಗುಂದದ ಫಕೀರವ್ವ. ಸತ್ತವರ ಮುಂದೆ ಕೂತು ಹಾಡ್ಯಾಡಿ ಅಳುವುದರಲ್ಲಿ ಆಕೆಗೆ ಸುತ್ತಮುತ್ತ ಸರಿಸಾಟಿ ಇರಲಿಲ್ಲ. ಯಾವ ಊರಲ್ಲಿ ಸಾವಾದರೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಬೇರೆ ಹೆಂಗಸರು ಸತ್ತವರ ಗುಣಗಳನ್ನು ಎಣಿಸಿ ಅತ್ತರೆ, ಫಕೀರವ್ವ ಸತ್ತವರನ್ನೇ ಎಬ್ಬಿಸಿ ತಂದು ನಿಲ್ಲಿಸುತ್ತಿದ್ದಳು: ಅವರ ಕೆಮ್ಮು, ಅವರ ನಡಿಗೆ, ಸೊಸೆಯನ್ನು ಬಯ್ಯುವಾಗಿನ ಅವರ ದನಿ. ಹಿರೇಮನಿ ಗೌಡರು ತೀರಿಕೊಂಡಾಗ ಹಾಡಿನ ನಡುವೆ ಆಕೆ ಅವರ ನಶ್ಯದ ಸೀನನ್ನು ಸೀನಿದಳಂತೆ. ಕಾಲ ಬಳಿ ಕೂತಿದ್ದ ಗೌಡ್ತಿ ರೂಢಿಯಂತೆ "ನೀರ ತರ್ಲೇನ್ರಿ" ಎಂದು ಎದ್ದೇ ಬಿಟ್ಟಿದ್ದಳು.

ತನ್ನ ಗಂಡ ಸತ್ತಾಗ ಮಾತ್ರ ಫಕೀರವ್ವನ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಆವತ್ತು ಬಾಜೂ ಮನೆಯ ರಹೀಮಾಬಿ ಬಂದು, ತನಗೆ ಬಂದ ಹಾಗೆ, ಅರ್ಧ ಉರ್ದು ಅರ್ಧ ಕನ್ನಡದಲ್ಲಿ, ಫಕೀರವ್ವನ ಪಾಲಿನ ಅಳುವನ್ನೂ ತಾನೇ ಅತ್ತು ಮುಗಿಸಿದ್ದಳು. ಇಬ್ಬರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯಾಚೆ ರಹೀಮಾಬಿ ಮತ್ತವಳ ಸೊಸೆಯಂದಿರು ಜಮಖಾನ ನೇಯುತ್ತಿದ್ದರು. ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು, ಪಂಜಾ ಎನ್ನುವ ಕಬ್ಬಿಣದ ಹಣಿಗೆಯಿಂದ ನೂಲನ್ನು ಕೆಳಗೆ ಬಡಿಯುವಾಗ ಧಪ್ ಧಪ್ ಎಂಬ ಸದ್ದು ಗೋಡೆ ದಾಟಿ ಬರುತ್ತಿತ್ತು. ಮನೆಯಲ್ಲಿ ಒಬ್ಬಳೇ ಇದ್ದೇನೆ ಅಂತ ಫಕೀರವ್ವನಿಗೆ ಯಾವತ್ತೂ ಅನ್ನಿಸದೆ ಇದ್ದದ್ದು ಆ ಸದ್ದಿನಿಂದ.

ಗಂಡ ಹೋದ ಮೇಲೆ ಆಕೆ ಮನೆಯ ಮುಂದಿನ ಪಡಸಾಲೆ ಮತ್ತು ಖೋಲಿಯನ್ನು ಹತ್ತಿ ಸುಗ್ಗಿಗೆ ಬರುವ ಖರೀದಿ ಜನಕ್ಕೆ ಯುಗಾದಿಯವರೆಗೆ ಬಾಡಿಗೆಗೆ ಕೊಡುತ್ತಿದ್ದಳು. ಬೆಳಗಿನ ಚಹಾ ಬಾಡಿಗೆಯೊಳಗೇ ಸೇರಿತ್ತು. ಎಷ್ಟೋ ಜನ ಬಂದಿದ್ದರು, ಹೋಗಿದ್ದರು. ಎಂಬತ್ನಾಲ್ಕರ ಸುಗ್ಗಿಗೆ ಬಂದವರು ಮಾತ್ರ ಬಾಡಿಗೆಗೆ ಬಂದಂತಿರಲಿಲ್ಲ, ಮನೆಯನ್ನೇ ಕೊಂಡಂತಿದ್ದರು.

ಮೂವರು. ಹತ್ತಿಯ ದಲಾಲಿ ನಡೆಸುವ ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯ ಹುಡುಗರು. ಇಬ್ಬರನ್ನು ನೆರಳೆಂದು ತಿಳಿದುಕೊಂಡರೆ ಸಾಕು. ನೆರಳು ಬೀಳಿಸುವವನ ಹೆಸರು ಉಲ್ಲಾಸ. ತಂದೆ ತಾಯಿ ಇಟ್ಟದ್ದು ಉಳವಪ್ಪ; ಮನೆಯಿಂದ ಬಂದ ಕಾಗದವನ್ನು ಅಂಚೆಯವನು ಆ ಹೆಸರಿಗೆ ತಂದುಕೊಟ್ಟಾಗ ಫಕೀರವ್ವನೊಬ್ಬಳಿಗೆ ಅದು ಗೊತ್ತಾಗಿತ್ತು. ಬೆಲ್ ಬಾಟಮ್ ಹೊಲಿಸಿಕೊಂಡ ದಿನವೇ ಹೆಸರನ್ನೂ ಹೊಲಿಸಿಕೊಂಡಿರಬೇಕು. ಮಧ್ಯಾಹ್ನ ಮಾರ್ಕೆಟ್ಟಿಗೆ ಹೋಗಿ ರೈತರ ಹತ್ತಿಯ ಎಳೆ ಎಳೆದು ನೋಡಿ ಮೂಗು ಮುರಿಯುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ. ಆ ಕಟ್ಟೆ ಎರಡೂ ಮನೆಗೆ ಸೇರಿದ್ದು. ಅಲ್ಲಿ ಬರೀ ಲುಂಗಿಯಲ್ಲಿ ಸ್ನಾನ, ಅಲ್ಲೇ ಇಸ್ಪೀಟು, ಅಲ್ಲೇ ಟೇಪ್ ರೆಕಾರ್ಡರ್. ಟೇಪಿನ ಹಾಡು ಮುಗಿದರೆ ಸಿಳ್ಳೆ. ಒಳಗೆ ಹಾಸಿದ್ದ ಜಮಖಾನದಲ್ಲಿ ರಹೀಮಾಬಿ ಕೈಯಾರೆ ನೇಯ್ದ ನವಿಲಿತ್ತು. ಒಂದು ದಿನ ಬೀಡಿಯ ಕಿಡಿ ಬಿದ್ದು ನವಿಲಿನ ಕಣ್ಣು ಸುಟ್ಟು ತೂತಾಯಿತು.

ಹೋಳಿ ಹತ್ತಿರ ಬಂದಾಗ ರಹೀಮಾಬಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಫಕೀರವ್ವಕ್ಕಾ, ನನ್ನ ಸೊಸ್ತೇರು ಮಗ್ಗಕ್ಕ ಕುಂದರಾಕ ವಲ್ಲೆ ಅಂತಾರ. ಕಿಡಕಿ ತಗದ್ರ ಆ ನಂಗಾ ಪೈಲವಾನ, ಮುಚ್ಚಿದ್ರ ಕತ್ತಲಿ. ಕತ್ತಲ್ಯಾಗ ಜಮಖಾನದ ಹೂವ ಹೆಂಗ ಏಳ್ತಾವ?"

"ನಾ ಇನ್ನೊಮ್ಮೆ ಹೇಳಿ ನೋಡ್ತೀನಿ, ತಡಿಬೇ."

"ಹೇಳಿದ್ದಿ, ಕೇಳ್ಯಾರ? ನಮ್ಮ ಅಣ್ಣಾ ಜಾಗಾ ಐತಿ ಅಂದಾನ. ಹೋಳಿ ಮುಗೀತಂದ್ರ ಮಗ್ಗಾ ಅಲ್ಲಿಗೆ ಒಯ್ತೀನಿ. ಮನಸ್ಸಿನ್ಯಾಗ ಏನ ಇಟ್ಕೋಬ್ಯಾಡ."

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೋದಳು. ಆ ಸಂಜೆ ಗೋಡೆಯಾಚೆ ಏನೂ ಸದ್ದಿರಲಿಲ್ಲ. ಫಕೀರವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, ಗೋಡೆಗೆ ಕಿವಿಗೊಟ್ಟು ಕೂತಳು. ಹಂಚಿನ ಮೇಲೆ ರೊಟ್ಟಿ ಕರಕಾಯಿತು.

ಮರುದಿನ ಹೋಗಿ ಉಲ್ಲಾಸನ ಮುಂದೆ ನಿಂತಳು.

"ತಮ್ಮಾ, ಕಟ್ಟಿ ಬಿಟ್ಟ ಒಳಗ ಕುಂದರ್ರಿ. ಬಾಜೂ ಮನ್ಯಾಗ ಹೆಣ್ಮಕ್ಕಳು ಕೆಲಸಾ ಮಾಡತಾರ."

"ಆಯೀ, ಬಾಡಿಗಿ ಕೊಟ್ಟೇವಿ. ಕಟ್ಟಿ ಮ್ಯಾಲಿನ ಗಾಳಿ ಬಾಡಿಗ್ಯಾಗ ಬರಂಗಿಲ್ಲೇನು?"

ಆಕೆ ತಿರುಗಿ ಹೊರಟಳು. ಹಿಂದಿನಿಂದ ನಗು ಕೇಳಿ ಹೊರಳಿ ನೋಡಿದರೆ ಉಲ್ಲಾಸ ಹೆಗಲ ಮೇಲಿನ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ಎಡಗಾಲು ಚೂರು ಎಳೆಯುತ್ತ, "ತಮ್ಮಾ, ಒಳಗ ಕುಂದರ್ರಿ" ಎಂದು ನಡೆದು ತೋರಿಸುತ್ತಿದ್ದಾನೆ. ಎಡಗಾಲು ಸರಿಯಾಗಿತ್ತು. ದನಿಯೂ ಸರಿಯಾಗಿತ್ತು. ಫಕೀರವ್ವನಿಗೆ ಸಿಟ್ಟು ಬರುವ ಮೊದಲು ಇನ್ನೊಂದು ಅನಿಸಿತು: ಹಲಕಟ್ಟ ಖರೇ, ಆದರೆ ಕೈ ಪಳಗಿದೆ. ಮೊದಲ ದಿನದಿಂದಲೇ ಆಕೆ ಗಮನಿಸಿದ್ದಳು, ಯಾರ ದನಿ ಕಿವಿಗೆ ಬಿದ್ದರೂ ಅವನು ಅದನ್ನು ತಿರುಗಿ ಆಡದೆ ಬಿಡುತ್ತಿರಲಿಲ್ಲ. ಪೇಟೆಗೆ ಹಾಲು ಒಯ್ಯುವವನದು, ಬಸ್ ಕಂಡಕ್ಟರನದು, ಕಡೆಗೆ ಆಕೆಯ ಎಮ್ಮೆಯದು. ಆ ಚಟ ಆಕೆಗೆ ಚೆನ್ನಾಗಿ ಗೊತ್ತಿತ್ತು. ಆಕೆಗೂ ಇದ್ದದ್ದು ಅದೇ.

ಓಣಿಯ ಹೋಳಿ ಮೇಳದ ಮುಖಂಡ ಹೊಳಬಸಪ್ಪನಿಗೆ ಸುದ್ದಿ ತಿಳಿದು ಮೀಸೆ ಕುಣಿಸುತ್ತ ಬಂದ. "ಅತ್ತೀ, ಹೂಂ ಅನ್ನು. ಗಂಟು ಗದಡಿ ಸಮೇತ ಹೊರಗ ಒಗಿತೇವಿ."

"ಯುಗಾದಿ ತನಕಾ ಅಂತ ಮಾತ ಕೊಟ್ಟೀನಿ. ನಾ ಹೊರಗ ಹಾಕಂಗಿಲ್ಲ."

"ಮತ್ತ?"

"ನಿಮ್ಮ ಹೆಣಾ ಯಾರು ಈ ವರ್ಷ?"

ಹೊಳಬಸಪ್ಪನ ಮುಖ ಸಣ್ಣದಾಯಿತು. ಹೋಳಿ ಬಣ್ಣದ ದಿನ ಜೀವಂತ ಮನುಷ್ಯನನ್ನು ಹೆಣ ಹೊರುವ ಸಿದಿಗೆಯ ಮೇಲೆ ಮಲಗಿಸಿ, ಹಲಗೆ ಬಾರಿಸಿ, ಬಾಯಿ ಬಡಿದುಕೊಂಡು ಅಳುತ್ತ ಊರು ಸುತ್ತಿಸುವುದು ಅಲ್ಲಿನ ರೂಢಿ. ಪ್ರತಿ ವರ್ಷದ ಹೆಣ ಉಡಚಪ್ಪ. ಈ ಸಲ ಅವನು ಸಾಯಲು ಒಲ್ಲೆ ಎಂದಿದ್ದ.

"ಹೊಸಾ ಅಳಿಯಾ ಹಬ್ಬಕ್ಕ ಬಂದಾನಂತ. ಅಳಿಯನ ಮುಂದ ಹೆಂಗ ಸಾಯ್ಲಿ, ಮರ್ಯಾದಿ ಇರಂಗಿಲ್ಲ ಅಂತಾನ."

"ಹಂಗಾರ ನಮ್ಮ ಮನ್ಯಾಗ ಒಂದ ಅಗದೀ ಛಲೋ ಹೆಣಾ ಐತಿ. ಹತ್ತಾದ್ರೂ ಏಳಂಗಿಲ್ಲ," ಎಂದಳು ಫಕೀರವ್ವ. "ನಾನೂ ಬರ್ತೀನಿ. ಸೀರಿ ಉಟಗೊಂಡ ಗಂಡಸರು ಅಳೂದು ಒಂದ ಅಳುಯೇನು? ಈ ವರ್ಷ ನಾ ಅಳ್ತೀನಿ."

ಬಣ್ಣದ ದಿನ ಬಿಸಿಲೇರಿದ ಮೇಲೆ ಹಲಗೆಗಳು ಫಕೀರವ್ವನ ಅಂಗಳಕ್ಕೆ ಬಂದವು. ಮೂರು ಮಂದಿ ಒಳಗೆ ನುಗ್ಗಿ, ಮುಸುಕು ಹೊದ್ದು ಮಲಗಿದ್ದ ಉಲ್ಲಾಸನನ್ನು ಹಾಸಿಗೆ ಸಮೇತ ಎತ್ತಿ ತಂದು ಬಿದಿರಿನ ಸಿದಿಗೆಯ ಮೇಲೆ ಇಟ್ಟರು. ಅವನು ಕಣ್ಣು ಬಿಟ್ಟಾಗ ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆಗೆ ಬೂದಿ, ಸುತ್ತ ಕೆಂಪು ಹಸಿರು ಮುಖಗಳು.

"ಏನ್ರಲೇ ಇದು!"

"ನೀ ಸತ್ತೀದಿಪಾ," ಎಂದ ಹೊಳಬಸಪ್ಪ, ಬಹಳ ಬೇಸರದ ಮುಖ ಮಾಡಿ. "ನಮ್ಮ ಓಣಿ ರಿವಾಜು ಕೇಳು. ಹೆಣಾ ಆದಾಂವಾ ಕಾಮಣ್ಣನ ಕಟ್ಟಿ ಮುಟ್ಟೂತನಕಾ ಮಾತಾಡಂಗಿಲ್ಲ, ನಗಂಗಿಲ್ಲ. ಎದ್ದು ಓಡಿದ್ರ ಕತ್ತೆ ಮ್ಯಾಲ ಹಿಂದಮುಂದ ಕುಂದರಿಸಿ ಮಾರ್ಕೆಟಿಗೆ ಒಯ್ತೇವಿ."

ಮಾರ್ಕೆಟ್ಟು ಎಂದೊಡನೆ ಉಲ್ಲಾಸನ ಕಣ್ಣ ಮುಂದೆ ತಾನು ಮೂಗು ಮುರಿದಿದ್ದ ರೈತರೆಲ್ಲ ಸಾಲಾಗಿ ಬಂದಿರಬೇಕು. ಆದರೂ ಹುಬ್ಬಳ್ಳಿಯ ಗತ್ತು ಬಿಡಲಿಲ್ಲ. ಮಾಲೆಯನ್ನು ಸರಿಯಾಗಿ ಹಾಕಿಕೊಂಡ.

"ಇಷ್ಟಕ್ಕ ಹೆದರೂ ಮಗಾ ಅಲ್ಲ ನಾ. ಯಾರ ಅಳ್ತಾರ ಅಳ್ರಿ, ಕಣ್ಣ ಸುದ್ದಾ ಪಿಳಕಸಂಗಿಲ್ಲ. ನಾ ಗೆದ್ರ ಈ ಮನೀ ಕಟ್ಟಿ ನಂದು, ಈ ಆಯಿ ಮತ್ತ ಮಾತಾಡಬಾರದು."

"ಸೋತ್ರ?" ಎಂದಳು ಫಕೀರವ್ವ.

"ಸೋತ್ರ ನೀವು ಹೇಳಿದ್ದ ಕೇಳ್ತೀನಿ."

ಆಕೆ ತಿರುಗಿ ಬಾಜೂ ಮನೆಯತ್ತ ನೋಡಿದಳು. ಬಾಗಿಲ ಪರದೆ ಸ್ವಲ್ಪ ಸರಿದಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫಕೀರವ್ವ ಸಿದಿಗೆಯ ಬದಿಗೆ ಕೂತಳು, ಹೆಣದ ಎದೆಯ ಮೇಲೆ ಕೈಯಿಟ್ಟಳು, ಹಲಗೆಗಳಿಗೆ ನಿಲ್ಲಿ ಎಂದು ಸನ್ನೆ ಮಾಡಿದಳು. ಆಮೇಲೆ ಎತ್ತಿದಳು ದನಿ.

"ಯಾಕ ಹೋದ್ಯೋ ನನ್ನಪ್ಪಾ ಉಳವಪ್ಪಾ, ಇನ್ನ ಕಟ್ಟಿ ಮ್ಯಾಲ ಯಾರ ಎಮ್ಮಿಗತೆ ಮೈ ತೊಳಕೋತಾರೋ..."

ಉಳವಪ್ಪ ಎಂಬ ಹೆಸರು ಕೇಳಿ ಇಬ್ಬರು ನೆರಳುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೂ ಅದು ಹೊಸ ಸುದ್ದಿ. ಹೆಣ ಅಲುಗಲಿಲ್ಲ.

"ನವಿಲಿನ ಕಣ್ಣ ಬೀಡಿಲೆ ಸುಟ್ಯೋ, ಅದನ್ನ ಕುರುಡ ಮಾಡಿ ನೀ ಕಣ್ಣ ಮುಚ್ಚಿದ್ಯೋ..."

ಜನ ಬಾಯಿ ಬಡಿದುಕೊಂಡು ಲಬೋ ಲಬೋ ಎಂದರು. ಹೆಣ ಅಲುಗಲಿಲ್ಲ.

ಫಕೀರವ್ವ ದನಿ ಇಳಿಸಿದಳು. ಮೂಗಿನಿಂದ ಒಂದು ಗೊರಕೆ ಹೊರಡಿಸಿದಳು. ಮೊದಲು ಬಾವಿಯ ರಾಟಿಯಂತೆ ಕಿರುಗುಟ್ಟಿ, ಮೇಲೇರಿ, ಕಡೆಗೆ ಒಂದು ಸಣ್ಣ ಸಿಳ್ಳೆಯಲ್ಲಿ ಮುಗಿಯುವ ಗೊರಕೆ. ಅದರ ನಡುವೆ ನಿದ್ದೆಗಣ್ಣಿನ ಗೊಣಗು: "ಆಯೀ, ಚಾ ಆತೇನು..." ನೆರಳುಗಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತವು. "ಅಗದೀ ಅವಂದ, ಅಗದೀ ಅವಂದ!" ಎಂದು ಒಬ್ಬ ಅಳುವಂತೆ ನಕ್ಕ. ಹೆಣದ ಕೊರಳಿನ ಚೆಂಡುಹೂವು ಚೂರು ನಡುಗಿದವು. ಅಷ್ಟೇ.

ಈಗ ಆಕೆ ಎದ್ದು ನಿಂತು, ಎದೆ ಮುಂದೆ ತಂದು, ಗಾಳಿಯಲ್ಲಿ ಹತ್ತಿಯ ಎಳೆ ಹಿಡಿದು ಎಳೆದಳು. "ಇದು ಹತ್ತೀನೋ, ಹಂದಿ ಕೂದಲೋ? ನಡಿ ನಡಿ, ವಾಪಸ್ ಒಯ್ಯಿ!" ಗುಂಪಿನಲ್ಲಿದ್ದ ರೈತರು ಚಪ್ಪಾಳೆ ತಟ್ಟಿದರು. ಮರುಕ್ಷಣ, ಅಡತಿ ಅಂಗಡಿಯ ಸಾವ್ಕಾರರ ಮುಂದೆ ನಿಂತ ಉಲ್ಲಾಸನಂತೆ, ಆಕೆಯ ಬೆನ್ನು ಬಾಗಿತು, ಕೈ ಎರಡೂ ಹೊಟ್ಟೆಯ ಮುಂದೆ ಸೇರಿದವು, ದನಿ ತುಪ್ಪವಾಯಿತು. "ಹೌದ್ರೀ ಸಾವ್ಕಾರ್ರ... ನೀವಂದಂಗ್ರೀ ಸಾವ್ಕಾರ್ರ... ಬಿಸಲಾಗ ನಿಂತೀರಿ, ನನ್ನ ನೆಳ್ಳಾಗ ಬರ್ರೀ ಸಾವ್ಕಾರ್ರ..." ಹಲಗೆ ಹಿಡಿದವರ ಕೈಯಿಂದ ಕೋಲು ಜಾರಿ ಬಿದ್ದವು. ಉಡಚಪ್ಪನ ಹೊಸ ಅಳಿಯ ಮಾವನ ಹೆಗಲಿಗೆ ಬಿದ್ದು ನಗತೊಡಗಿದ. ಅವರ ನಡುವಿನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಉಲ್ಲಾಸ ತುಟಿ ಕಚ್ಚಿ, ಮುಷ್ಟಿ ಬಿಗಿದು, ಕಣ್ಣಂಚಿನಲ್ಲಿ ನೀರು ಇಳಿಯುತ್ತಿದ್ದರೂ ಬಾಯಿ ಬಿಡಲಿಲ್ಲ. ಗಟ್ಟಿ ಆಸಾಮಿ. ಹೊಳಬಸಪ್ಪ ಫಕೀರವ್ವನ ಕಡೆ ನೋಡಿ ಇನ್ನೇನು ಎಂಬಂತೆ ಹುಬ್ಬೇರಿಸಿದ. ಆಕೆಯ ಮುಖದಲ್ಲಿ ಕಳವಳದ ಗೆರೆಯೂ ಇರಲಿಲ್ಲ.

ಹಾಡ್ಯಾಡಿ ಅಳುವುದರಲ್ಲಿ ಒಂದು ಕ್ರಮವಿದೆ. ಅಳುವವಳು ಕಡೆಗೆ ಸತ್ತವರನ್ನು ಒಂದು ಮಾತಾಡು ಎಂದು ಬೇಡುತ್ತಾಳೆ. ಬೇಡಿ, ಉಸಿರು ಹಿಡಿದು ಸುಮ್ಮನಾಗುತ್ತಾಳೆ. ಆ ಖಾಲಿ ಜಾಗವನ್ನು ಪಕ್ಕದ ಹೆಂಗಸು ತುಂಬಬೇಕು, ಅದೇ ಧಾಟಿಯಲ್ಲಿ. ಫಕೀರವ್ವ ಮತ್ತೆ ಕೂತಳು. ಈ ಸಲ ಅಣಕವಿಲ್ಲ, ಗೊರಕೆಯಿಲ್ಲ. ತನ್ನ ಸ್ವಂತ ದನಿಯಲ್ಲಿ, ಊರೂರು ಕೇಳಿ ಅತ್ತಿದ್ದ ಆ ದನಿಯಲ್ಲಿ, ನಿಧಾನಕ್ಕೆ ಎಳೆದಳು:

"ಒಂದ ಮಾತ ಆಡೋ ನನ್ನ ಕಂದಾ... ಈ ಮುದುಕಿ ಮ್ಯಾಲ ನಿನಗೇನ ಸಿಟ್ಟಿತ್ತೋ, ಒಂದs ಮಾತ ಆಡೋ..."

ಮತ್ತು ನಿಲ್ಲಿಸಿದಳು.

ಪಕ್ಕದಲ್ಲಿ ತುಂಬುವವರು ಯಾರೂ ಇರಲಿಲ್ಲ. ಧಾಟಿ ಗಾಳಿಯಲ್ಲಿ ನೇತಾಡುತ್ತಿತ್ತು, ಯಾರಾದರೂ ಕೈ ನೀಡಿ ಹಿಡಿದುಕೊಳ್ಳಲಿ ಎಂಬಂತೆ. ಉಲ್ಲಾಸನ ಗಂಟಲು ಒಮ್ಮೆ ಏರಿತು, ಇಳಿಯಿತು. ಇನ್ನೊಮ್ಮೆ ಏರಿತು.

ಸಿದಿಗೆಯ ಮೇಲಿಂದ, ಕಣ್ಣು ಮುಚ್ಚಿಕೊಂಡೇ, ಹೆಣ ಹಾಡತೊಡಗಿತು. ಫಕೀರವ್ವನದೇ ದನಿ, ಫಕೀರವ್ವನದೇ ಎಳೆತ:

"ಬಿಸಿನೀರಿಗೆ ಬಣ್ಣಾ ಹಚ್ಚಿ ಚಾ ಅಂತ ಕೊಟ್ಟೆಲ್ಲಬೇ ಯವ್ವಾ... ಎಮ್ಮೀ ಹಾಲೆಲ್ಲಾ ಪ್ಯಾಟಿಗೆ ಹೋತಲ್ಲಬೇ ಯವ್ವಾ... ಅದನ್ನ ಕುಡದs ನಾ ಸತ್ತೆನಬೇ ಯವ್ವಾ..."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ, ಹಾಡಿದ್ದು ಯಾರೆಂದು. ಆಮೇಲೆ ಹೊಳಬಸಪ್ಪ ಹಲಗೆ ಎತ್ತಿ ಬಾರಿಸಿದ. "ಹೆಣಾ ಮಾತಾಡ್ತು! ಹೆಣಾ ಸೋತ್ತು!"

ಉಲ್ಲಾಸ ಕಣ್ಣು ಬಿಟ್ಟ. ತನ್ನ ಬಾಯಿಂದ ಏನು ಹೊರಟಿತು ಎಂಬುದು ಅವನಿಗೆ ಆಗಲೇ ಹೊಳೆದದ್ದು. ಬಾಯಿಗೆ ಕೈ ಅಡ್ಡ ಹಿಡಿದ, ಆದರೆ ಹೊತ್ತು ಮೀರಿತ್ತು.

"ಹೇಳ್ರಿ ಆಯೀ," ಎಂದ ಎದ್ದು ಕೂತು. "ಏನ ಮಾಡ್ಲಿ?"

"ಹಗಲೆಲ್ಲಾ ಕಟ್ಟಿ ಬಾಜೂ ಮನಿದು. ನಿನ್ನ ಟೇಪು, ಸಿಳ್ಳಿ, ಜಳಕಾ ಎಲ್ಲಾ ಹಿತ್ತಲದಾಗ. ಮತ್ತ ಈಗ ಹೋಗಿ ರಹೀಮಾಬಿ ಮುಂದ ಅದನ್ನ ನಿನ್ನ ಬಾಯಲೆ ಹೇಳು. ನನ್ನ ದನಿಲೆ ಅಲ್ಲ ಮತ್ತ, ನಿನ್ನ ದನಿಲೆ."

ಮಾಲೆ ಹಾಕಿಕೊಂಡೇ ಅವನು ಹೋಗಿ ಪರದೆಯ ಮುಂದೆ ನಿಂತು, ತಲೆ ತಗ್ಗಿಸಿ, ಮಾತನ್ನು ಒಪ್ಪಿಸಿದ. ಪರದೆಯ ಹಿಂದೆ ಸೊಸೆಯಂದಿರ ಕಿಸಕ್ಕೆಂಬ ನಗು. ಅದನ್ನು ಗದರಿಸಿ ಸುಮ್ಮನಾಗಿಸಿ ರಹೀಮಾಬಿಯೇ ಹೊಸ್ತಿಲಿಗೆ ಬಂದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ಹುಟ್ಟಿದಾಗಿಂದ ಹೆಣಾ ಬಂದು ಮಾಫಿ ಕೇಳಿದ್ದ ಕಂಡಿಲ್ಲ," ಎಂದಳು. ಆಮೇಲೆ ಅವನ ತಲೆಯ ಮೇಲಿಂದ ದನಿ ಎತ್ತಿ, "ಫಕೀರವ್ವಕ್ಕಾ! ನಮ್ಮ ಅಣ್ಣಗ ಹೇಳಿ ಕಳಸ್ತೀನಿ, ಜಾಗಾ ಬ್ಯಾಡ ಅಂತ. ಮಗ್ಗಾ ಎತ್ತಿ ಇಳಸೂದು ಅಂದ್ರ ನನ್ನ ನಡಾ ಮುರೀತೈತಿ!"

ಫಕೀರವ್ವ ಸೆರಗಿನಿಂದ ಮುಖದ ಬಣ್ಣ ಒರೆಸಿಕೊಂಡಳು. ಬಣ್ಣದ ಜೊತೆಗೆ ಇನ್ನೇನನ್ನೋ ಒರೆಸಿಕೊಂಡಳು.

"ಮೆರವಣಿಗಿ ಆಗsಬೇಕು," ಎಂದ ಹೊಳಬಸಪ್ಪ. "ಸೋತ ಹೆಣಾ ಆದ್ರೂ ಹೆಣಾ ಹೆಣಾನs. ಏರಪಾ ಉಳವಪ್ಪಾ."

ಉಳವಪ್ಪ ತಾನೇ ನಡೆದು ಬಂದು ಸಿದಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನೆರಳುಗಳಿಬ್ಬರೂ ಮುಂದಿನ ಗಳುಗಳಿಗೆ ಹೆಗಲು ಕೊಟ್ಟರು. ಹಲಗೆಗಳು ಹೊಡೆದುಕೊಂಡವು, ಜನ ಬಾಯಿ ಬಡಿದುಕೊಂಡಿತು, ಫಕೀರವ್ವ ಮುಂದೆ ನಡೆಯುತ್ತ ಮತ್ತೆ ಅದೇ ಗೊರಕೆ ಎತ್ತಿದಳು. ಓಣಿಯ ಕಟ್ಟೆಕಟ್ಟೆಯಲ್ಲೂ ಜನ ಬಿದ್ದು ಬಿದ್ದು ನಕ್ಕರು. ಆದರೆ ಆ ಎಲ್ಲ ನಗೆಯ ಮೇಲೆ, ಹಲಗೆಯ ಸದ್ದಿನ ಮೇಲೆ, ಬಜಾರದ ತನಕ ಕೇಳುವಂತೆ ಒಂದು ನಗು ಕೇಳುತ್ತಿತ್ತು. ಅದು ಸಿದಿಗೆಯ ಮೇಲಿನದು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬೂದಿಯಲ್ಲಿ ಕಾಲುವೆ ಕೊರೆಯುತ್ತಿದ್ದರೂ ಒರೆಸಿಕೊಳ್ಳದೆ, "ಯವ್ವಾ, ಸಾಕ ಮಾಡಬೇ, ಖರೇನs ಸಾಯ್ತೀನಿ!" ಎಂದು ಹೆಣ ನಗುತ್ತಿತ್ತು.