ತಿಕ್ಕಿದ ನಲವತ್ತು ನಾಣ್ಯ

ಬೆಳ್ಳಿ ನಾಣ್ಯ ತಿಕ್ಕಿ ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಳೆಯ ನಾಣ್ಯಗಳ ದರ್ಜೆ ನೋಡಿ ಚೀಟಿ ಬರೆಯುವುದು ಮೂವತ್ತು ವರ್ಷದಿಂದ ನನ್ನ ಕಸುಬು. ಕೈಯಿಂದ ಕೈಗೆ ಓಡಾಡಿ ಸವೆದದ್ದಕ್ಕೂ ಒಂದು ಮರ್ಯಾದೆಯಿದೆ. ರಾಜನ ಕೆನ್ನೆ, ಹುಬ್ಬು ನುಣ್ಣಗಾಗಿರುತ್ತವೆ, ಅಕ್ಷರಗಳ ಸಂದಿಯಲ್ಲಿ ಕಪ್ಪು ಉಳಿದಿರುತ್ತದೆ. ತಿಕ್ಕಿದರೆ ಆ ಕಪ್ಪು ಹೋಗಿ, ಮೈತುಂಬ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಅದನ್ನು ಸರಿಪಡಿಸುವುದು ಯಾರ ಕೈಯಲ್ಲೂ ಆಗದ ಕೆಲಸ.

ಇಂಥ ನನ್ನ ಮೇಜಿನ ಮೇಲೆ, ಗೆಳೆಯನ ಹೆಂಡತಿ ನಗುನಗುತ್ತ ಬಂದು ನಲವತ್ತು ನಾಣ್ಯ ಸುರಿದಳು. ಎಲ್ಲವೂ ಫಳಫಳ. ಗೆಳೆಯ ಗಡಿಯಾರ ರಿಪೇರಿಯವನು. ಎದೆನೋವೆಂದು ಹನ್ನೆರಡು ದಿನದಿಂದ ಆಸ್ಪತ್ರೆಯಲ್ಲಿದ್ದ, ಮರುದಿನ ಮನೆಗೆ ಬರುವವನಿದ್ದ. ಆ ನಾಣ್ಯಗಳನ್ನು ಅವನು ಹರೆಯದಿಂದ ಒಂದೊಂದಾಗಿ ಕೂಡಿಸಿದ್ದು. ಒಂದೊಂದಕ್ಕೂ ಚೀಟಿ ಬರೆದವನು ನಾನೇ.

"ಅಣ್ಣಾ, ಹಳೇ ಕವರೆಲ್ಲ ಕೊಳಕಾಗಿವೆ. ಹೊಸದಕ್ಕೆ ಹಾಕಿ, ಹೊಸ ಚೀಟಿ ಬರ್ಕೊಡಿ. ಅವರು ಬಂದು ನೋಡಿ ಖುಷಿಪಡ್ಲಿ."

ಭೂತಗನ್ನಡಿ ಹಿಡಿದು ನೋಡಿದೆ. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಲು ಆಗಲಿಲ್ಲ.

"ಏನಮ್ಮಾ ಇದು, ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೀಯಲ್ಲ! ಎಲ್ಲಾ ಹಾಳಾಯ್ತು!"

ಅವಳ ಮುಖ ಬಿಳಿಚಿಕೊಂಡಿತು. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ.

"ಗೊತ್ತಾದ್ರೆ ಅವರ ಎದೆ ಒಡೆದುಹೋಗತ್ತೆ ಅಣ್ಣಾ. ಈಗ ಏನು ಮಾಡ್ಲಿ?"

"ನಾನೇ ತಿಕ್ಕಿದೆ ಅಂತ ಹೇಳು. ಬೈಯೋದಿದ್ರೆ ನನಗೇ ಬೈಲಿ," ಎಂದೆ. ಎಂದಮೇಲೆ ನನಗೇ ಆಶ್ಚರ್ಯವಾಯಿತು.

ಮನೆಗೆ ಬಂದ ಮೂರನೇ ದಿನವೇ ಅವನು ನಾಣ್ಯದ ಚೀಲದೊಂದಿಗೆ, ಹೆಂಡತಿಯ ತೋಳು ಹಿಡಿದು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ.

"ಊರಿಗೆಲ್ಲ ಬುದ್ಧಿ ಹೇಳೋನು, ನನ್ನ ನಾಣ್ಯಾನೇ ತಿಕ್ಕಿದ್ಯಲ್ಲೋ! ನಿನ್ನ ಕೈಗೆ ಏನು ಬಂದಿತ್ತು? ಇನ್ಮೇಲೆ ಈ ಅಂಗಡಿ ಕಡೆ ತಲೆ ಹಾಕಿನೂ ಮಲಗಲ್ಲ!"

ನಾನು ತಲೆ ತಗ್ಗಿಸಿ ನಿಂತೆ. ಹಾಗೆ ನಿಂತು ಅಭ್ಯಾಸವಿಲ್ಲದ ಮನುಷ್ಯ ನಾನು. ಇದ್ದ ಒಬ್ಬ ಗೆಳೆಯನೂ ಹೋದ ಎಂದುಕೊಂಡೆ.

"ಸಾಕು ಸುಮ್ನಿರಿ," ಎಂದಳು ಅವಳು. "ತಿಕ್ಕಿದ್ದು ನಾನು. ನೀವು ವಾಪಸ್ ಬರ್ತೀರೋ ಇಲ್ವೋ ಅಂತ ಮನೇಲಿ ಒಬ್ಬಳೇ ಕೂತ್ರೆ ಕೈ ನಡುಗೋದು. ಏನಾದ್ರೂ ತಿಕ್ತಾ ಇದ್ರೆ ನಿಲ್ಲೋದು. ಪಾತ್ರೆ ಆಯ್ತು, ಬಾಗಿಲ ಹಿಡಿ ಆಯ್ತು. ಆಮೇಲೆ ಇವನ್ನ ತಗೊಂಡೆ."

ಅವನು ಕುರ್ಚಿಯಲ್ಲಿ ಕುಸಿದು ಕೂತ. ನನ್ನ ಭೂತಗನ್ನಡಿ ಎಳೆದುಕೊಂಡು ಒಂದು ನಾಣ್ಯವನ್ನು ಬೆಳಕಿಗೆ ಹಿಡಿದ. ಆ ಗೀರುಗಳನ್ನು ಬಹಳ ಹೊತ್ತು ನೋಡಿದ.

"ಇದಕ್ಕೆ ಏನಂತ ಬರೀತೀಯ?"

"ತಿಕ್ಕಿದ್ದು ಅಂತ. ಬೇರೆ ಏನೂ ಬರೆಯೋಕಾಗಲ್ಲ ಕಣೋ."

"ಹಾಗೇ ಬರಿ," ಎಂದ. ದನಿ ಇಳಿದಿತ್ತು. "ಯಾರು ತಿಕ್ಕಿದ್ದು, ಯಾವಾಗ ಅಂತಾನೂ ಬರಿ."

ನಲವತ್ತು ಚೀಟಿಯಲ್ಲೂ ಒಂದನ್ನೇ ಬರೆದೆ: ತಿಕ್ಕಿದ್ದು. ಗಂಡ ಆಸ್ಪತ್ರೆಯಲ್ಲಿದ್ದಾಗ, ಹೆಂಡತಿ.